ಶನಿವಾರ ಸೂಟಿ ಸಿಗತೈತೇನು?

ತಂಗೀ, ಧಾರವಾಡದಾಗ ಎಂಎಸ್ಸಿ ಮುಗಿಸಿ ಮೆಲ್ಬರ್ನ್‌ಗೆ ಮಲೇರಿಯಾ ಲ್ಯಾಬಿಗೆ ಪಿಎಚ್‌ಡಿಗೆ ಬರಾಕತ್ತೀನಿ, ಥಂಡಿ ಹೆಂಗೈತಿ, ಊಟಕ್ಕೇನು, ಶನಿವಾರ-ರವಿವಾರ ಸೂಟಿ ಸಿಗತೈತೇನು ಅಂತ ಕೇಳೀದಿ. ಥಂಡಿಗೆ ಒಂದು ಚಲೋ ಜಾಕೆಟ್ ಸಾಕು, ಇಲ್ಲೇ ಬಂದು ತಗೋ. ಜ್ವಾಳದ ಹಿಟ್ಟು ಇಂಡಿಯನ್ ಅಂಗಡ್ಯಾಗ ಸಿಗತೈತಿ. ಲೈನ್ ಬಜಾರ್ ಪೇಡೆ ಮಾತ್ರ ಕಟಗೊಂಡು ಬರಬ್ಯಾಡ, ಹಾಲಿನ ಪದಾರ್ಥಕ್ಕ ಏರ್‌ಪೋರ್ಟಿನ್ಯಾಗ ಭಾಳ ಬಿಗಿ. ಶೇಂಗಾ ಚಟ್ನಿ ತಂದರೂ ಫಾರ್ಮಿನ್ಯಾಗ ಬರದು ತೋರಿಸು.

ಸೂಟಿ ಕೊಡೋದು ನಿನ್ನ ಗೈಡ್ ಅಲ್ಲ, ಫಾಲ್ಸಿಪ್ಯಾರಮ್, ಅಂದ್ರ ನಾವು ಲ್ಯಾಬಿನ್ಯಾಗ ಬೆಳಸೋ ಮಲೇರಿಯಾ ಪರಾವಲಂಬಿ. ಕೆಂಪು ರಕ್ತಕಣದಾಗ ಬೆಳದು ಸುಮಾರು 48 ತಾಸಿಗೊಮ್ಮೆ ಕಣ ಒಡಕೊಂಡು ಹೊರಗ ಬೀಳತೈತಿ. ಸಾರ್ಬಿಟಾಲ್ ಅನ್ನೋ ಸಕ್ಕರಿಯಂಥಾ ರಾಸಾಯನಿಕ ಹಾಕಿ ಎಲ್ಲಾನೂ ಒಂದ ವಯಸ್ಸಿಗೆ ತಂದಿರತೀವಿ. ಲೆಕ್ಕ ತಪ್ಪಿತಂದ್ರ ನಡುರಾತ್ರ್ಯಾಗ ಒಡೀತಾವ, ನೀನೂ ಅಲ್ಲೇ ಕೂಡಬೇಕು. ಹೊರಗ ಬಂದ ಮರಿ ಪರಾವಲಂಬಿ, ಅದಕ್ಕ ಮೆರೊಝೊಯಿಟ್ ಅಂತಾರ, ಮುಂದಿನ ಕಣದಾಗ ಹೋಗೋದು ಒಂದೆರಡು ನಿಮಿಷದ ಆಟ. ನಿನ್ನ ಪಿಎಚ್‌ಡಿ ಪೂರಾ ಆ ಎರಡು ನಿಮಿಷದ್ದು. ಅದರ ಆರ್‌ಎಚ್5 ಅನ್ನೋ ಪ್ರೋಟೀನು ನಮ್ಮ ಕಣದ ಮ್ಯಾಲಿನ ಬ್ಯಾಸಿಜಿನ್ ಅನ್ನೋ ಪ್ರೋಟೀನ್ ಹಿಡೀಲಿಕ್ಕೇ ಬೇಕು, 2011ರಾಗ ಗೊತ್ತಾತು. ನಡುವ ಆಂಟಿಬಾಡಿ, ಅಂದ್ರ ರೋಗದ ಜೀವಿಗೆ ಅಂಟಿ ತಡಿಯೋ ಪ್ರೋಟೀನು, ಬಂದು ಕುಂತರ ಒಳಗ ಹೋಗಾಕ ಆಗಂಗಿಲ್ಲ. ಆದರ ಯಾಳೆ ಅಷ್ಟ ಕಮ್ಮಿ, ಅದಕ್ಕ ಆಂಟಿಬಾಡಿ ರಾಶಿಗಟ್ಟಲೆ ಇರಬೇಕು, ಲಗೂ ಅಂಟಬೇಕು.

ಊರಿಗೆ ಫೋನ್ ಮಾಡಿದಾಗ ಅವ್ವ ಕೇಳತಾಳ, ಔಷಧ ಬಂತೇನು ಅಂತ. ಮಾಲಿ ದೇಶದಾಗ ಸಿಐಎಸ್43ಎಲ್‌ಎಸ್ ಅನ್ನೋ ಆಂಟಿಬಾಡಿ ಒಂದ ಸರ್ತಿ ಕೊಟ್ಟಿದ್ದಕ್ಕ 6 ತಿಂಗಳ ತನಕ ಸೋಂಕು ನೂರಕ್ಕ 88.2ರಷ್ಟು ಕಮ್ಮಿ ಆತು ಅಂತ 2022ರಾಗ ಅಚ್ಚಾಗೇತಿ. ಅದು ಪರಾವಲಂಬಿನ್ನ ರಕ್ತಕಣದ ಹಂತದಾಗ ಅಲ್ಲ, ಸೊಳ್ಳೆ ಕಚ್ಚಿದ ಮ್ಯಾಲೆ ಲಿವರ್ ಮುಟ್ಟೋದ್ರೊಳಗ ಹಿಡಿತೈತಿ. ಡೋಸು ಕೆಜಿಗೆ 40 ಮಿಲಿಗ್ರಾಂ, 60 ಕೆಜಿ ಇದ್ದಾಕಿಗೆ 2.4 ಗ್ರಾಂ. "ಅಷ್ಟs? ಚಿಟಿಕಿ ಉಪ್ಪು" ಅಂದಳು ಅವ್ವ. ಗ್ರಾಂ ಲೆಕ್ಕದಾಗ ಆಂಟಿಬಾಡಿ ತುಟ್ಟಿ ಬಾಬತ್ತು ಅಂತ ತಿಳಿಸೋದ್ರಾಗ ಅರ್ಧಾ ತಾಸು ಹೋತು.

ಮೊದಲ ದೀಪಾವಳಿಗೆ ನಾ ಮೂರು ದಿನ ಸಿಡ್ನಿಗೆ ಹೋಗಿ ಬಂದೆ. ಬಂದು ಸ್ಲೈಡ್ ನೋಡಿದರ ಬರೇ ಸತ್ತ ಪರಾವಲಂಬಿಯ ಕರೇ ಚುಕ್ಕಿ, ಜೀವಂತ ಒಂದೂ ಉಳಿದಿರಲಿಲ್ಲ. ಮತ್ತ ಲಿಕ್ವಿಡ್ ನೈಟ್ರೋಜನ್ನಿನ್ಯಾಗಿಂದ ಹಳೇ ವಯಲ್ ತಗದು ಬೆಳಸೋದ್ರಾಗ ಮೂರು ವಾರ. ಬಂದ ಕೂಡಲೇ ಲ್ಯಾಬಿನ್ಯಾಗ ಒಬ್ಬಾಕಿನ್ನ ಜೋಡಿ ಮಾಡಕೋ. ನನ್ನ ಜೋಡಿ ಗ್ರೀಕ್ ಹುಡಿಗಿ. ಅಕಿ ಈಸ್ಟರ್‌ಗೆ ಅಕಿ ಪ್ಲೇಟ್ ನಾ ನೋಡತೀನಿ, ನನ್ನ ದೀಪಾವಳಿಗೆ ನನ್ನವನ್ನ ಅಕಿ.