ಗಂಡನಿಗೆ 41ನೇ ವಯಸ್ಸಲ್ಲಿ ಎಡಿಎಚ್‌ಡಿ (ಗಮನ ನಿಲ್ಲಿಸೋದು, ಕೆಲಸ ಹೊತ್ತಿಗೆ ಶುರು ಮಾಡೋದು ಕಷ್ಟವಾಗೋ ಸ್ಥಿತಿ) ಅಂತ ಗೊತ್ತಾಗಿದೆ. ನಾನೇ ಅವರಿಗೆ ಅಮ್ಮ ಆಗಿಬಿಡದೆ ನೆರವಾಗೋದು ಹೇಗೆ?

ನೀವೇ ಬರೆದಿದ್ದೀರಿ: ಹತ್ತು ಸಲ ನೆನಪಿಸಿದರೂ ಕರೆಂಟ್ ಬಿಲ್ ಕಟ್ಟಲ್ಲ, ಕೊನೆಗೆ ಜಗಳ. ಅಲ್ಲಿಂದಲೇ ಶುರು ಮಾಡ್ತೀನಿ. ಹನ್ನೊಂದನೇ ಸಲ ನೆನಪಿಸಬೇಡಿ. ಕಟ್ಟಬೇಕು ಅನ್ನೋದು ಅವರಿಗೆ ಗೊತ್ತು. ಗೊತ್ತಿರೋದನ್ನ ಹೊತ್ತಿಗೆ ಶುರು ಮಾಡೋ ಕಡೆಯೇ ಎಡಿಎಚ್‌ಡಿ ಕಾಲು ಹಿಡಿದು ಎಳೆಯೋದು.

ತಿಂಗಳು ತಿಂಗಳು ಬರೋ ಬಿಲ್‌ಗಳನ್ನೆಲ್ಲ ಒಂದು ಭಾನುವಾರ ಇಬ್ಬರೂ ಕೂತು ಯುಪಿಐ ಆಟೋಪೇಗೆ ಹಾಕಿ, ದುಡ್ಡು ಖಾತೆಯಿಂದ ತಾನಾಗಿಯೇ ಹೋಗುತ್ತೆ. 15,000 ರೂಪಾಯಿವರೆಗೆ ಪ್ರತಿ ಸಲ ಪಿನ್ ಒತ್ತಬೇಕಿಲ್ಲ. ಖಾತೆ ಖಾಲಿ ಇದ್ದರೆ ಇದು ಎಡವುತ್ತೆ. ಹಾಗಾಗಿ ಬಿಲ್‌ಗೆ ಅಂತಲೇ ಬೇರೆ ಖಾತೆ ಇಟ್ಟು, ಸಂಬಳದ ದಿನವೇ ಅದಕ್ಕೆ ದುಡ್ಡು ಹೋಗೋ ಹಾಗೆ ಮಾಡಿ.

ಆಟೋಪೇಗೆ ಬಗ್ಗದ ಕೆಲಸಗಳೇ ನಿಜವಾದ ತಲೆನೋವು. ‘ಇನ್ಶೂರೆನ್ಸ್ ಕ್ಲೇಮ್ ಮುಗಿಸು’ ಅನ್ನೋದು ಒಂದು ಕೆಲಸ ಅಲ್ಲ, ಗಂಟು. ‘ಮೇಲಿನ ಡ್ರಾಯರಿಂದ ಡಿಸ್ಚಾರ್ಜ್ ಸಮ್ಮರಿ ತೆಗೆದು ಮೇಜಿನ ಮೇಲಿಡು’ ಅನ್ನೋದು ಕೆಲಸ. ಚೀಟಿಯಲ್ಲಿ ಅದೊಂದನ್ನೇ ಬರೀಲಿ, ಅವರ ಕೈಯಲ್ಲೇ. ಆಮೇಲೆ ನೀವು ಅದೇ ಮೇಜಿನ ಹತ್ತಿರ ಅವರೆಕಾಯಿ ಸುಲೀತಾ 25 ನಿಮಿಷ ಕೂತ್ಕೊಳ್ಳಿ. ಇಣುಕಬೇಡಿ, ಸಲಹೆ ಕೊಡಬೇಡಿ. ಇದಕ್ಕೆ ಬಾಡಿ ಡಬ್ಲಿಂಗ್ ಅಂತಾರೆ. ಪಕ್ಕದಲ್ಲಿ ಒಬ್ಬರು ಸುಮ್ಮನೆ ಇದ್ದರೆ ಸಾಕು, ಎಷ್ಟೋ ಜನಕ್ಕೆ ಕೈ ಓಡುತ್ತೆ.

ಬೀಗದ ಕೈ, ಪರ್ಸು, ಐಡಿ ಕಾರ್ಡಿಗೆ ಒಂದು ತೆರೆದ ಬುಟ್ಟಿ ಇಡಿ. ನಿಮಗೆ ಚಂದ ಕಾಣೋ ಕಡೆ ಅಲ್ಲ, ಈಗಾಗಲೇ ಅವರು ಬಿಸಾಕೋ ಜಾಗದಲ್ಲೇ. ಮುಚ್ಚಿದ ಡ್ರಾಯರ್‌ಗೆ ಹೋದದ್ದು ಅವರ ಪಾಲಿಗೆ ಮನೆಯಲ್ಲೇ ಇಲ್ಲ. 8:40ಕ್ಕೆ ಹೊರಡಬೇಕಾದರೆ ಅಲಾರಂ 8:40ಕ್ಕಲ್ಲ, 8:20ಕ್ಕೆ ಬೇಕು, ಅದಕ್ಕೆ ‘ಶೂ ಹಾಕು’ ಅಂತ ಹೆಸರು. ಫೋನು ಕೈಯಲ್ಲೇ ಇದ್ದರೆ ಅಲಾರಂ ಆಫ್ ಮಾಡಿ ಮರೀತಾರೆ, ಬಾಗಿಲ ಹತ್ತಿರ ಇರಲಿ. ಎರಡು ಮೂರು ವಾರಕ್ಕೆ ಅಲಾರಂ, ಚೀಟಿ ಎರಡೂ ಕಣ್ಣಿಗೆ, ಕಿವಿಗೆ ಹಳತಾಗುತ್ತೆ. ಅದು ಸೋಮಾರಿತನ ಅಲ್ಲ. ಸದ್ದು ಬದಲಿಸಿ, ಚೀಟಿಯ ಜಾಗ ಬದಲಿಸಿ.

ಇನ್ನು ಎಡಿಎಚ್‌ಡಿಗೆ ಡಾಕ್ಟರು ಕೊಡೋ ಮಾತ್ರೆ ವಿಷಯ. ಮೀಥೈಲ್‌ಫೆನಿಡೇಟ್ ಆದರೆ ಸುಮಾರು ಒಂದು ಗಂಟೆಯೊಳಗೆ ಗೊತ್ತಾಗುತ್ತೆ. ಅಟೊಮೊಕ್ಸೆಟಿನ್‌ಗೆ ನಾಲ್ಕಾರು ವಾರ ಕಾಯಬೇಕು, ‘ಏನೂ ಆಗ್ತಿಲ್ಲ’ ಅಂತ ಹತ್ತೇ ದಿನಕ್ಕೆ ಬಿಡೋದು ಸಾಮಾನ್ಯ ತಪ್ಪು. ಮೊದಲನೆಯದರಲ್ಲಿ ಎಷ್ಟೋ ಜನಕ್ಕೆ ಮಧ್ಯಾಹ್ನ ಹಸಿವೇ ಸಾಯುತ್ತೆ, ಹಾಗಾಗಿ ಬೆಳಗಿನ ತಿಂಡಿ ಗಟ್ಟಿಯಾಗಿರಲಿ. ತಡವಾಗಿ ತಗೊಂಡರೆ ರಾತ್ರಿ ನಿದ್ದೆ ಕೆಡಬಹುದು. ಪ್ರಭಾವ ಇಳಿಯೋ ಹೊತ್ತಲ್ಲಿ ಕೆಲವರಿಗೆ ಸಿಡುಕು ಬರುತ್ತೆ. ಮನೆ ಲೆಕ್ಕದ ಮಾತನ್ನ ಆಗ ಎತ್ತಬೇಡಿ. ಬಿಪಿ, ನಾಡಿ, ತೂಕ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಎದೆನೋವು ಬಂದರೆ, ಮನಸ್ಸು ತೀರಾ ಕುಸಿದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ.

ಮೀಥೈಲ್‌ಫೆನಿಡೇಟ್ ನಮ್ಮಲ್ಲಿ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯಡಿ ಬರೋ ಔಷಧಿ, ಡಾಕ್ಟರ ಚೀಟಿ ಇಲ್ಲದೆ ಸಿಗಲ್ಲ, ಸಣ್ಣ ಮೆಡಿಕಲ್ ಶಾಪ್‌ಗಳು ಇಟ್ಟಿರೋದೂ ಕಮ್ಮಿ. ಮರೆಯೋ ಮನುಷ್ಯನಿಗೆ ನೆನಪಿಟ್ಟು ಹುಡುಕಬೇಕಾದ ಮಾತ್ರೆ, ವಿಚಿತ್ರ ವ್ಯವಸ್ಥೆ! ಕೊನೆಯ ಹತ್ತು ಮಾತ್ರೆಯ ಸ್ಟ್ರಿಪ್‌ಗೆ ಮೊದಲೇ ರಬ್ಬರ್ ಬ್ಯಾಂಡ್ ಹಾಕಿಡಿ, ಅದು ಕಂಡ ದಿನ ಅಂಗಡಿಗೆ ಫೋನ್. ನೀವು ಹೊರಬಹುದಾದ ಒಂದೇ ಒಂದು ನೆನಪು ಅಂದರೆ ಇದು. ಆದರೆ ಜಗಳದ ಮಧ್ಯೆ ‘ಇವತ್ತು ಮಾತ್ರೆ ತಗೊಂಡ್ರಾ?’ ಅಂತ ಮಾತ್ರ ಕೇಳಬೇಡಿ. ಒಂದು ಸಲ ಕೇಳಿದರೂ ಮಾತ್ರೆ ಅನ್ನೋದು ಬೈಗುಳ ಆಗಿಬಿಡುತ್ತೆ.

‘ಬುದ್ಧಿ ಇದೆ, ಗಮನ ಇಲ್ಲ’ ಅನ್ನಿಸಿಕೊಂಡೇ ಬೆಳೆದವರಿಗೆ ಈಗ ಸಮಾಧಾನದ ಜೊತೆ ದುಃಖಾನೂ ಬರುತ್ತೆ. ಕೇಳಿಸಿಕೊಳ್ಳಿ, ಪರಿಹಾರ ಹೇಳಬೇಡಿ. ನಿಮಗೇ ಸಾಕಾಗಿಹೋದ ದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೂ ಮಾತಾಡ್ತಾರೆ, ರೋಗಿಯೇ ಮಾಡಬೇಕು ಅಂತೇನಿಲ್ಲ.