ಮಾತ್ರೆ ಯಾವುದು ಅನ್ನೋದು ಆಮೇಲೆ, ಎರಡನೇ ಡೋಸು ಯಾವತ್ತು ಅಂತ ಕೇಳಿ

ನಲವತ್ತೈದು ದಿನದ ನಾಯಿಮರಿ, ಹೇಲಿನಲ್ಲಿ ಶ್ಯಾವಿಗೆ ಎಳೆಯಂಥ ಬಿಳಿ ಹುಳ. ಮಾರಿದವ ಮೋಸ ಮಾಡಿದನಾ, ಯಾವ ಮಾತ್ರೆ ಬೆಸ್ಟು, ಮನೆಮದ್ದು ಸಾಕಾ ಅಂತ ಕೇಳಿದ್ದೀರಿ. ಓದುತ್ತಿದ್ದಂತೆ ನಮ್ಮ ಮೋತ್ಯಾ ಕಣ್ಮುಂದೆ ಬಂದ.

ಮುಧೋಳದ ಕಡೆಯಿಂದ ತಂದ ಮರಿ. ಹುಬ್ಬಳ್ಳಿಯ ನಮ್ಮ ಓಣಿಗೆ ಅದೇ ಮೊದಲ ಮುಧೋಳ ನಾಯಿ, ಹಾಗಾಗಿ ನೋಡಲು ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟೇ ಹೋದರು. ಬಂದ ಸ್ವಲ್ಪ ದಿನಕ್ಕೇ ಹುಳ ಕಂಡವು. ಪಶು ಆಸ್ಪತ್ರೆಗೆ ಒಯ್ದೆ. ಡಾಕ್ಟರು ತೂಕ ನೋಡಿ ಪೈರಾಂಟೆಲ್ ಸಿರಪ್ ಕುಡಿಸಿದರು. ಮರುದಿನ ಒಂದು ಮುದ್ದೆ ಹುಳ ಬಿದ್ದವು. ಅವ್ವ ಮೂಗು ಮುಚ್ಚಿಕೊಂಡೇ, "ಎಲ್ಲಾ ಬಿದ್ದು ಹೋದ್ವು ನೋಡು, ಇನ್ನ ಆರಾಮ ಆಗ್ತೈತಿ" ಅಂದಳು. ನನಗೂ ಹಾಗೇ ಅನ್ನಿಸಿತು. ಎರಡು ವಾರ ಬಿಟ್ಟು ಮತ್ತೆ ಬನ್ನಿ ಅಂತ ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಆ ಚೀಟಿ ಟಿವಿ ಮೇಲಿತ್ತು, ಆಮೇಲೆ ಟಿವಿ ಹಿಂದೆ ಬಿತ್ತು.

ಇದನ್ನು ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕುಡಿಸಿದ ಔಷಧ ಕೊಲ್ಲುವುದು ಆ ಹೊತ್ತಿಗೆ ಕರುಳಲ್ಲಿರುವ ಹುಳಗಳನ್ನು. ಶ್ಯಾವಿಗೆಯಂಥ ಆ ದುಂಡುಹುಳದ ಲಾರ್ವಾಗಳು, ಅಂದರೆ ಎಳೆಯ ಹುಳಗಳು, ಆಗಿನ್ನೂ ಲಿವರ್, ಶ್ವಾಸಕೋಶಗಳಲ್ಲಿ ಸುತ್ತುತ್ತಿರುತ್ತವೆ. ಅವು ಶ್ವಾಸನಾಳ ಹತ್ತಿ, ಮರಿ ಕೆಮ್ಮಿದಾಗ ಗಂಟಲಿಗೆ ಬಂದು, ನುಂಗಿದಾಗ ಹೊಟ್ಟೆಗಿಳಿದು, ಅಲ್ಲಿ ದೊಡ್ಡವಾಗುತ್ತವೆ. ಕೊಕ್ಕೆಹುಳದ್ದು ಬೇರೆಯೇ ಕಥೆ. ಅದು ತಾಯಿಯ ಹಾಲಿನಲ್ಲಿ ಬರುತ್ತದೆ, ಕರುಳಿಗೆ ಕಚ್ಚಿ ರಕ್ತ ಹೀರುತ್ತದೆ, ಹೇಲಿನಲ್ಲಿ ಕಣ್ಣಿಗೆ ಬೀಳುವುದು ಅಪರೂಪ. ನಾವು ಖುಷಿಪಟ್ಟ ಆ ಮುದ್ದೆ ಬರೀ ಮೊದಲ ಪಾಳಿ. ಎರಡನೇ ಪಾಳಿಗೆ ನಾನು ಔಷಧವನ್ನೇ ಹಾಕಲಿಲ್ಲ. ಹುಳ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇ ನನ್ನನ್ನು ಕೆಡಿಸಿದ್ದು. ಏನೂ ಬೀಳದಿದ್ದರೆ ಚೀಟಿ ಹುಡುಕುತ್ತಿದ್ದೆನೇನೋ.

ಮೋತ್ಯಾ ಸೊರಗತೊಡಗಿದ. ಬೇರೆ ಜಾತಿಯ ಮರಿಯಾಗಿದ್ದರೆ ಪಕ್ಕೆಲುಬು ಕಂಡಾಗಲೇ ಗಾಬರಿಯಾಗುತ್ತಿತ್ತು. ಮುಧೋಳ ನಾಯಿಯ ಮೈಯೇ ಸಪೂರ, "ಬ್ಯಾಟಿ ನಾಯಿ ಹಿಂಗ ಇರ್ತೈತಿ" ಅಂತ ಓಣಿಯವರೂ ತೀರ್ಪು ಕೊಟ್ಟರು. ಹೊಟ್ಟೆಯೊಂದು ಉಬ್ಬಿತ್ತು. ಮೈ ಹಿಡಿಯುತ್ತಿದೆ ಅಂತ ನಾನೇ ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದೆ! ಕೊನೆಗೆ ಹೇಲು ಕಪ್ಪಗಾಯಿತು, ಕರೆದರೂ ಏಳದಾದ. ಆಸ್ಪತ್ರೆಯಲ್ಲಿ ಡಾಕ್ಟರು ತುಟಿ ಎತ್ತಿ ತೋರಿಸಿದರು. ಒಸಡಿನಲ್ಲಿ ಕೆಂಪೇ ಇರಲಿಲ್ಲ. ಸಲೈನು, ಕಬ್ಬಿಣಾಂಶದ ಔಷಧ, ಹೊಸದಾಗಿ ಹುಳದ ಕೋರ್ಸು. ಮರಿ ಕೊಂಡಿದ್ದಕ್ಕಿಂತ ಹೆಚ್ಚು ದುಡ್ಡು ಹೋಯಿತು. ಮೈಯಲ್ಲಿ ಶಕ್ತಿ ಇಲ್ಲ ಅಂತ ಲಸಿಕೆಯನ್ನೂ ಮುಂದೆ ಹಾಕಿದರು, ಅಷ್ಟು ದಿನವೂ ಪಾರ್ವೋ, ಅಂದರೆ ಮರಿಗಳ ಜೀವ ತೆಗೆಯುವ ವೈರಸ್ ಭೇದಿ, ಬಂದೀತೆಂಬ ಭಯ. ಬದುಕಿದ, ಈಗ ಗೇಟು ಹಾರುತ್ತಾನೆ.

ಈಗ ನಿಮ್ಮ ವಿಷಯ. ಮಾರಿದವನ ಮೇಲಿನ ಸಿಟ್ಟು ಬಿಡಿ. ದುಂಡುಹುಳದ ಲಾರ್ವಾಗಳು ತಾಯಿಯ ಮಾಂಸಖಂಡಗಳಲ್ಲಿ ನಿದ್ದೆ ಹೊಡೆಯುತ್ತಿದ್ದು, ಗಬ್ಬವಾದಾಗ ಎದ್ದು ಹೊಟ್ಟೆಯೊಳಗಿನ ಮರಿಗೇ ದಾಟುತ್ತವೆ. ಎಷ್ಟೇ ಚೊಕ್ಕ ಮನೆಯ ಮರಿಯಾದರೂ ಹುಳ ಇದೆ ಅಂತಲೇ ಲೆಕ್ಕ ಹಿಡಿಯಬೇಕು. ಎರಡು ವಾರದ ವಯಸ್ಸಿಗೆ ಶುರುಮಾಡಿ 4, 6, 8ನೇ ವಾರ, ಆಮೇಲೆ ಆರು ತಿಂಗಳಾಗುವವರೆಗೆ ತಿಂಗಳಿಗೊಮ್ಮೆ, ಮುಂದೆ ಮೂರು ತಿಂಗಳಿಗೊಮ್ಮೆ ಕೊಡುವುದು ವಾಡಿಕೆ. ತಾರೀಖುಗಳನ್ನು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಬರೆಯಿರಿ. ಚೀಟಿಯನ್ನು ನಂಬಬೇಡಿ.

ಮನೆಮದ್ದು ಬೇಡ. ಬೆಲ್ಲ ತಿಂದು ಹುಳ ಆಗುವುದಿಲ್ಲ, ಬೇವಿನ ರಸ ಕುಡಿಸಿದರೆ ಹೋಗುವುದೂ ಇಲ್ಲ. ಬೆಳ್ಳುಳ್ಳಿಯಂತೂ ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ, ಮೊದಲೇ ರಕ್ತ ಕಮ್ಮಿಯಿರುವ ಮರಿಗೆ ಅದು ವಿಷ. ಮಕ್ಕಳಿಗೆ ಶಾಲೆಯಲ್ಲಿ ಕೊಡುವ ಅಲ್ಬೆಂಡಜೋಲ್ ಮುರಿದು ಹಾಕುವುದು, ಕುರಿಗೆ ತಂದ ಐವರ್‌ಮೆಕ್ಟಿನ್ನನ್ನು ಅಂದಾಜಿನಲ್ಲಿ ಚುಚ್ಚುವುದು, ಎರಡೂ ಬೇಡ. ಡೋಸು ನಿಂತಿರುವುದು ತೂಕದ ಮೇಲೆ. ಮರಿ ಎತ್ತಿಕೊಂಡು ತೂಕದ ಮಷಿನ್ ಮೇಲೆ ನಿಲ್ಲಿ, ಆಮೇಲೆ ನೀವೊಬ್ಬರೇ ನಿಂತು ಕಳೆಯಿರಿ. ಬಾಲದ ಬುಡದಲ್ಲಿ ಚಪ್ಪಟೆ ಬಿಳಿ ಚೂರು ಅಂಟಿದ್ದರೆ ಅದು ಲಾಡಿಹುಳ. ಅದಕ್ಕೆ ಪ್ರಾಜಿಕ್ವಾಂಟೆಲ್ ಬೇಕು, ಪೈರಾಂಟೆಲ್ ತಾಗುವುದಿಲ್ಲ. ಚಿಗಟದಿಂದ ಬರುವ ಹುಳ ಅದು, ಚಿಗಟ ಹೋಗದೆ ಅದೂ ಹೋಗದು.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹೇಲನ್ನು ದಿನವೂ ಎತ್ತಿ ಬಿಸಾಡಿ. ದುಂಡುಹುಳದ ಮೊಟ್ಟೆ ಬಿದ್ದ ದಿನವೇ ಸೋಂಕು ತಗುಲಿಸುವುದಿಲ್ಲ, ಅದಕ್ಕೆ ಎರಡು ವಾರವಾದರೂ ಬೇಕು. ಮಣ್ಣಿಗೆ ಸೇರಿತೋ, ವರ್ಷಗಟ್ಟಲೆ ಬದುಕುತ್ತದೆ, ಮಣ್ಣಾಡಿದ ಕೈಯಿಂದ ಮಗುವಿನ ಬಾಯಿಗೂ ಹೋಗಬಹುದು. ಫಿನಾಯಿಲ್ ಸುರಿದರೆ ವಾಸನೆ ಹೋದೀತು, ಮೊಟ್ಟೆ ಸಾಯುವುದಿಲ್ಲ. ಕುದಿಯುವ ನೀರು ಹಾಕಿ.

ಈಗಲೇ ಮರಿಯ ತುಟಿ ಎತ್ತಿ ನೋಡಿ. ಒಸಡು ಬಿಳಿಚಿದ್ದರೆ ನಾಳೆಗೆ ಕಾಯಬೇಡಿ. ಗುಲಾಬಿಯಿದ್ದರೆ ಬೆಳಿಗ್ಗೆ ಹೊಸ ಹೇಲಿನ ಒಂದು ಚೂರನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ, ಸೂಕ್ಷ್ಮದರ್ಶಕದಲ್ಲಿ ನೋಡಲು ಹೇಳಿ. ಹೊರಡುವ ಮುಂಚೆ ಮಾರಿದವನಿಗೆ ಫೋನ್ ಮಾಡಿ, ಜಗಳ ಬೇಡ, ಮರಿಗೆ ಯಾವ ಔಷಧ ಯಾವತ್ತು ಹಾಕಿದ್ದ ಅಂತಷ್ಟೇ ಕೇಳಿ. "ಹಾಕೇನ್ರಿ" ಅಂದು ತಾರೀಖು ಹೇಳದಿದ್ದರೆ, ಹಾಕಿಲ್ಲ ಅಂತಲೇ ಡಾಕ್ಟರಿಗೆ ಹೇಳಿ.