ಮೂರನೆಯದು ಗಂಡಾಗಲಿ ಅಂತ ಕಾಯಬೇಕೆ?

ಪ್ರಶ್ನೆ: ನಮಗೆ ಇಬ್ಬರು ಹೆಣ್ಣುಮಕ್ಕಳು, ಏಳು ವರ್ಷ ಮತ್ತು ಮೂರು ವರ್ಷ. ‘ಮುಪ್ಪಿಗೆ ಆಸರೆ, ಒಂದು ಗಂಡು ಬೇಕು’ ಎಂದು ಅತ್ತೆಯವರ ವರಾತ. ಹೆಣ್ಣುಮಕ್ಕಳೇ ಇರುವ ಮನೆ ದುಡ್ಡಿನಲ್ಲಿ ಹಿಂದೆ ಬೀಳುವುದು ನಿಜವೇ?
– ಓದುಗರು, ಡೊಂಬಿವಲಿ

ಉತ್ತರ: ಹೆಣ್ಣುಮಕ್ಕಳು ಹೆಚ್ಚಿರುವ ಮನೆಗಳಲ್ಲಿ ಕೈ ಬಿಗಿ ಇರುವುದನ್ನು ಅತ್ತೆಯವರು ಕಂಡಿರಬಹುದು. ಆದರೆ ಕಾರಣ ಹೆಣ್ಣಲ್ಲ, ಗಂಡಿಗಾಗಿ ಕಾದದ್ದು. ಮೊದಲನೆಯದೇ ಗಂಡಾದವರು ಬೇಗ ನಿಲ್ಲಿಸುತ್ತಾರೆ, ಆಗದವರು ಮುಂದುವರಿಯುತ್ತಾರೆ. ಹೀಗಾಗಿ ಹೆಣ್ಣುಮಗು ಸಾಮಾನ್ಯವಾಗಿ ದೊಡ್ಡ ಸಂಸಾರದಲ್ಲಿ ಬೆಳೆಯುತ್ತದೆ, ಅದರ ಪಾಲಿಗೆ ಬರುವ ಹಾಲು, ಪುಸ್ತಕ, ಔಷಧಿ ಎಲ್ಲವೂ ಕಡಿಮೆ. 2017-18ರ ಕೇಂದ್ರ ಆರ್ಥಿಕ ಸಮೀಕ್ಷೆ ಇಂಥ ‘ಬೇಡವಾದ’ ಹೆಣ್ಣುಮಕ್ಕಳು 2.1 ಕೋಟಿ ಎಂದು ಅಂದಾಜು ಮಾಡಿತ್ತು.

ನಿಮ್ಮ ಮನೆಯ ಲೆಕ್ಕವನ್ನೇ ಹಾಕಿ. ಶಾಲೆ, ಟ್ಯೂಷನ್ನಿಗೆಂದು ತಿಂಗಳಿಗೆ 12,000 ರೂಪಾಯಿ ತೆಗೆದಿಟ್ಟರೆ ಇಬ್ಬರಿಗೆ ತಲಾ 6,000, ಮೂವರಾದರೆ 4,000. ಮೂರನೆಯದೂ ಹೆಣ್ಣಾಗುವ ಸಾಧ್ಯತೆ ಹತ್ತಿರಹತ್ತಿರ ಅರ್ಧಕ್ಕರ್ಧ. (‘ಮೊದಲೇ ನೋಡಿಸಿದರಾಯ್ತು’ ಎಂದು ಯಾರಾದರೂ ಪಿಸುಗುಟ್ಟಿದರೆ ಬಾಯಿ ಮುಚ್ಚಿಸಿ. ಮಹಾರಾಷ್ಟ್ರ ಭ್ರೂಣಲಿಂಗ ಪತ್ತೆಯನ್ನು 1988ರಲ್ಲೇ ನಿಷೇಧಿಸಿದೆ.) ಮುಪ್ಪಿನ ಮಾತಿಗೆ ಬಂದರೆ, ಹೆತ್ತವರನ್ನು ಸಾಕುವ ಹೊಣೆ ಹೊರಿಸುವಾಗ 2007ರ ಹಿರಿಯ ನಾಗರಿಕರ ಕಾಯ್ದೆ ಮಗ, ಮಗಳು ಎಂದು ಭೇದ ಮಾಡಿಲ್ಲ.

ಇಬ್ಬರ ಹೆಸರಿನಲ್ಲೂ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಿರಿ. ಹತ್ತು ತುಂಬುವುದರೊಳಗೆ ಆಗಬೇಕು. ವರ್ಷಕ್ಕೆ ಕನಿಷ್ಠ 250, ಗರಿಷ್ಠ 1.5 ಲಕ್ಷ, 15 ವರ್ಷ ಕಟ್ಟಬೇಕು. ಪೂರ್ತಿ ಹಣ ಕೈಗೆ ಬರುವುದು ಖಾತೆ ತೆರೆದು 21 ವರ್ಷಕ್ಕೆ, ಹುಡುಗಿಗೆ 21 ಆದಾಗಲ್ಲ. ಬಹಳ ಮಂದಿ ಎಡವುವುದು ಇಲ್ಲೇ. ನಿಮ್ಮ ದೊಡ್ಡವಳಿಗೆ ಆಗ 28. ಕಾಲೇಜಿಗೆ ಬೇಕಾದರೆ ಹತ್ತನೆಯದು ಪಾಸಾದ ಮೇಲೆ ಹಿಂದಿನ ಹಣಕಾಸು ವರ್ಷಾಂತ್ಯಕ್ಕೆ ಖಾತೆಯಲ್ಲಿದ್ದ ಹಣದ ಅರ್ಧದವರೆಗೆ ತೆಗೆಯಬಹುದು. ಪ್ರತಿ ತಿಂಗಳು ಐದನೇ ತಾರೀಕಿನೊಳಗೆ ಕಟ್ಟಿ. ಆರಕ್ಕೆ ಕಟ್ಟಿದ ಹಣಕ್ಕೆ ಆ ತಿಂಗಳ ಬಡ್ಡಿ ಇಲ್ಲ.

ಪ್ರಶ್ನೆ: ಊರು ವಿಜಯಪುರ ಕಡೆ, ಮದುವೆಯಾಗಿ ಪುಣೆಯಲ್ಲಿದ್ದೇನೆ. ಅಪ್ಪ 2001ರಲ್ಲಿ ತೀರಿಕೊಂಡರು, ಹೊಲ ಪಾಲಾಗಿಲ್ಲ. ಈಗ ಅಣ್ಣಂದಿರು ‘ನಿನಗೆ ಹಕ್ಕಿಲ್ಲ, ಸುಮ್ಮನೆ ಒಂದು ಸಹಿ ಹಾಕು’ ಎನ್ನುತ್ತಾರೆ.
– ಓದುಗರು, ಪಿಂಪ್ರಿ

ಉತ್ತರ: ಹಕ್ಕಿಲ್ಲದಿದ್ದರೆ ಸಹಿ ಯಾಕೆ? ಪಿತ್ರಾರ್ಜಿತ ಹೊಲವಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ನೀವು ಹುಟ್ಟಿನಿಂದಲೇ ಪಾಲುದಾರರು. ತಂದೆ ಅದಕ್ಕೂ ಮೊದಲೇ ತೀರಿಕೊಂಡಿದ್ದರೂ ಅಡ್ಡಿಯಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ತೀರ್ಪು ಕೊಟ್ಟಿದೆ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪಾಲುಪತ್ರವೋ ಕೋರ್ಟ್ ಡಿಕ್ರಿಯೋ ಆಗಿದ್ದರೆ ಅದನ್ನು ಕೆದಕುವಂತಿಲ್ಲ. ಅಪ್ಪನೇ ದುಡಿದು ಕೊಂಡ ಹೊಲವಾಗಿದ್ದು ಉಯಿಲು ಇಲ್ಲದಿದ್ದರೆ ಅವ್ವ, ಅಣ್ಣಂದಿರು, ನೀವು, ಎಲ್ಲರಿಗೂ ಸಮಪಾಲು. ಅಪ್ಪನ ತಾಯಿ ಆಗ ಬದುಕಿದ್ದರೆ ಅವರಿಗೂ ಒಂದು.

ಮೊದಲು ಪಹಣಿ, ಮ್ಯುಟೇಶನ್ ಪ್ರತಿ ತೆಗೆಸಿ. ಪೌತಿ ಖಾತೆ (ತೀರಿಕೊಂಡವರ ಖಾತೆ ವಾರಸುದಾರರಿಗೆ ಬದಲಾಗುವುದು) ಅಣ್ಣನ ಹೆಸರಿಗೆ ಆಗಿದೆಯೆಂದು ಎದೆಗುಂದಬೇಡಿ. ಖಾತೆ ಕಂದಾಯದ ದಾಖಲೆ ಅಷ್ಟೇ, ಅದರಿಂದ ನಿಮ್ಮ ಪಾಲು ಹೋಗುವುದಿಲ್ಲ. ಹೋಗುವುದು ಹಕ್ಕು ಬಿಡುಗಡೆ ಪತ್ರಕ್ಕೆ, ನಿಮ್ಮ ಪುಣೆಯ ಭಾಷೆಯಲ್ಲಿ ‘ಹಕ್ಕಸೋಡ್ ಪತ್ರ’ಕ್ಕೆ, ಸಹಿ ಹಾಕಿದಾಗ. ನೋಂದಣಿಯಾದ ಮೇಲೆ ಅದನ್ನು ರದ್ದು ಮಾಡಿಸಲು ವಂಚನೆಯನ್ನೋ ಒತ್ತಾಯವನ್ನೋ ನೀವೇ ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಪಾಲು ಬಿಟ್ಟುಕೊಡುವ ಮನಸ್ಸೇ ಇದ್ದರೆ ಹೊಲದ ಬೆಲೆ ಕಟ್ಟಿಸಿ, ಪಡೆದ ಮೊತ್ತವನ್ನು ಪತ್ರದಲ್ಲೇ ಬರೆಸಿ, ಹಣ ಬ್ಯಾಂಕಿಗೆ ಜಮೆಯಾದ ಮೇಲೆಯೇ ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಿ.